ಪಟಗೋನಿಯಾಕ್ಕೆ ಗುಂಪಾಗಿ ಹೊರಟವರಿಗೆ ಒಂದಿಷ್ಟು ಸಲಹೆ

ಡಿಸೆಂಬರ್‌ನಲ್ಲಿ ಟ್ರಕ್ಕಿನಲ್ಲಿ ಪಟಗೋನಿಯಾ (ದಕ್ಷಿಣ ಅಮೆರಿಕದ ದಕ್ಷಿಣ ತುದಿಯಲ್ಲಿ ಅರ್ಜೆಂಟೀನಾ, ಚಿಲಿ ಎರಡರಲ್ಲೂ ಹರಡಿದ ಪ್ರದೇಶ) ಸುತ್ತಲು ಹೊರಟವರು ಚಳಿಗಿಂತ ಜಾಸ್ತಿ ಗಾಳಿಗೆ ತಯಾರಾಗಿ. ಅಲ್ಲಿ ಆಗ ಬೇಸಿಗೆ, ಗಾಳಿಯ ಅಬ್ಬರವೂ ಆಗಲೇ. ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಹಾಗಾಗಿ ಟೆಂಟಿನ ಬಾಗಿಲು ಪೂರ್ವಕ್ಕಿರಲಿ. ಗಾಳಿ ಬರುವ ಕಡೆಯ ಗೂಟ ಮೊದಲು ಹೊಡೆದು, ಆಮೇಲೆ ಕಂಬ ಎತ್ತಿ. ಇಬ್ಬರು ಟೆಂಟಿನ ಬಟ್ಟೆ ಹಿಡಿದುಕೊಳ್ಳಲಿ, ಒಬ್ಬರು ಗೂಟ ಹೊಡೆಯಲಿ. ಒಬ್ಬರೇ ಸಾಹಸಕ್ಕಿಳಿದರೆ ಟೆಂಟು ಗಾಳಿಪಟವೇ! ವಾಹನದ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ. ಬಾಗಿಲನ್ನು ಗಟ್ಟಿಯಾಗಿ ಹಿಡಿದೇ ತೆರೆಯಿರಿ, ಇಲ್ಲದಿದ್ದರೆ ಕೀಲು ಕಿತ್ತು ಬಂದೀತು.

ಅರ್ಜೆಂಟೀನಾದಿಂದ ಚಿಲಿಗೆ ದಾಟುವಾಗ ಹಣ್ಣು, ತರಕಾರಿ, ಮಾಂಸ ಒಳಗೆ ಬಿಡುವುದಿಲ್ಲ. ಅರ್ಜೆಂಟೀನಾ ಕಡೆಯ ಊರು ಎಲ್ ಕಲಾಫಾತೆಯಲ್ಲಿ ಕೊಂಡ ಟೊಮೆಟೊ, ಈರುಳ್ಳಿಯನ್ನು ಹಿಂದಿನ ರಾತ್ರಿಯೇ ಸಾಂಬಾರ್ ಮಾಡಿ ಮುಗಿಸಿ. ಹೊಸ ತರಕಾರಿ ಚಿಲಿ ಕಡೆಯ ಊರು ಪ್ವೆರ್ತೊ ನತಾಲೆಸ್‌ನಲ್ಲಿ ಸಿಗುತ್ತದೆ. ನಮ್ಮವರ ಚೀಲದಲ್ಲಿ ಬೇಳೆ, ಸಾಸಿವೆ, ಚಟ್ನಿಪುಡಿ ಇದ್ದೇ ಇರುತ್ತದೆ, ಅಲ್ವಾ? ಎಲ್ಲವನ್ನೂ ಗಡಿಯಲ್ಲಿ ಕೊಡುವ ಘೋಷಣೆಯ ಫಾರಂನಲ್ಲಿ ಬರೆಯಿರಿ. ಬರೆದದ್ದನ್ನು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ.

ಚಿಲಿಯ ಟೊರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನದಲ್ಲಿ ಕ್ಯಾಂಪ್‌ಫೈರ್ ಆಸೆ ಬೇಡವೇ ಬೇಡ. 2011ರ ಕೊನೆಯಲ್ಲಿ ಹೊತ್ತಿದ ಬೆಂಕಿಗೆ ಅಲ್ಲಿ ಸುಮಾರು 17,000 ಹೆಕ್ಟೇರ್ ಸುಟ್ಟುಹೋಯಿತು. ಗ್ಯಾಸ್ ಒಲೆಯನ್ನೂ ಗುರುತು ಮಾಡಿದ ಜಾಗದಲ್ಲಷ್ಟೇ ಹಚ್ಚಬೇಕು. ಗ್ಯಾಸ್ ತುಂಬಿದ ಡಬ್ಬಿ (ಕ್ಯಾನಿಸ್ಟರ್) ವಿಮಾನದಲ್ಲಿ ಒಯ್ಯುವಂತಿಲ್ಲ, ಅದನ್ನೂ ನತಾಲೆಸ್‌ನಲ್ಲೇ ಕೊಳ್ಳಿ. ಹಾಂ, ರಾತ್ರಿ ಹತ್ತಾದರೂ ಬೆಳಕಿರುತ್ತದೆ. ನಿದ್ದೆಗೆ ಕಣ್ಣುಪಟ್ಟಿ ಇಟ್ಟುಕೊಳ್ಳಿ.