ಸಾರ್ವಜನಿಕ ಕಚೇರಿಗೆ ಗುಂಡು ತಡೆಯುವ ಪೀಠೋಪಕರಣ ಮಾಡಿಸುವ ಬಗೆ

ಮೇಜಿನ ಹಿಂದೆ ಅಡಗಿದರೆ ಗುಂಡಿನಿಂದ ಪಾರಾಗಬಹುದೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. 18 ಮಿ.ಮೀ. ಪ್ಲೈವುಡ್ಡಿಗೆ ಮೈಕಾ ಅಂಟಿಸಿದ ಕೌಂಟರ್ ಆಗಲಿ, ತೋಟದ ಸಿಲ್ವರ್ ಓಕ್ ಹಲಗೆಯ ಮೇಜಾಗಲಿ, ಕಡತ ಇಡುವ ತಗಡಿನ ಬೀರುವಾಗಲಿ ಪಿಸ್ತೂಲಿನ ಗುಂಡನ್ನು ತಡೆದೀತೆಂದು ನೆಚ್ಚಿ ಕೂರುವಂತಿಲ್ಲ. ಅವುಗಳಿಂದ ಸಿಗುವುದು ಮರೆ ಮಾತ್ರ. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ನ್ಯಾಯಾಲಯದ ಕೋಣೆಯೊಳಗೇ ವಕೀಲರ ಉಡುಪಿನಲ್ಲಿ ಬಂದವರು ಗುಂಡು ಹಾರಿಸಿದ್ದರು. 2025ರ ಜನವರಿ 16ರಂದು ನಮ್ಮ ರಾಜ್ಯದ ಬೀದರಿನಲ್ಲಿಯೇ ಎಟಿಎಂಗೆ ಹಣ ಸಾಗಿಸುವ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡಿನ ದಾಳಿ ನಡೆಯಿತು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ನ್ಯಾಯಾಲಯ, ತಾಲ್ಲೂಕು ಕಚೇರಿ, ಆಸ್ಪತ್ರೆ, ಸಹಕಾರಿ ಬ್ಯಾಂಕುಗಳಲ್ಲಿ ಇಂಥ ಪೀಠೋಪಕರಣ ಬೇಕೆಂದು ಯೋಚಿಸುತ್ತಿರುವವರಿಗಾಗಿ, ಹಾಸನದಲ್ಲಿ ಕಚೇರಿಗಳ ಮರಗೆಲಸ ಮತ್ತು ಕಬ್ಬಿಣದ ಕೆಲಸ ಮಾಡಿಸಿ ಕೂರಿಸುವ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಮಾರಾಟಗಾರರನ್ನು ಕರೆಸುವ ಮೊದಲು ಒಂದು ಉಂಡೆ ದಾರ ತನ್ನಿ. ರಕ್ಷಣೆ ಬೇಕಾದ ವ್ಯಕ್ತಿ ದಿನವೂ ಕೂರುವ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ಸಾರ್ವಜನಿಕರು ಒಳಬರುವ ಬಾಗಿಲಿನ ಚೌಕಟ್ಟಿಗೆ ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿ, ಅಂದರೆ ನಿಂತ ಮನುಷ್ಯ ಕೈ ಚಾಚಿದರೆ ಬರುವ ಮಟ್ಟದಲ್ಲಿ, ದಾರದ ಒಂದು ತುದಿ ಕಟ್ಟಿ ಇನ್ನೊಂದು ತುದಿಯನ್ನು ಕುಳಿತವರ ಎದೆಯ ತನಕ ಎಳೆಯಬೇಕು. ಅದೇ ರೀತಿ ಕಿಟಕಿಯಿಂದ, ಸರದಿ ನಿಲ್ಲುವ ಜಾಗದಿಂದ, ಮೆಟ್ಟಿಲಿನ ತಲೆಯಿಂದ ಎಳೆಯಿರಿ. ದಾರ ಎಲ್ಲೆಲ್ಲಿ ಮೇಜನ್ನು ತಾಗುತ್ತದೋ ಅಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಅನೇಕ ಕಡೆ ದಾರವು ಮೇಜನ್ನು ತಾಗದೆ ಅದರ ಮೇಲಿನಿಂದಲೇ ಹಾದುಹೋಗುವುದನ್ನು ಕಾಣುವಿರಿ. ಹಾಗಾದರೆ ಮೇಜಿನ ಮುಂಭಾಗಕ್ಕೆ ಎಷ್ಟು ದಪ್ಪದ ಫಲಕ ಹಾಕಿದರೂ ಕುಳಿತವರ ಎದೆಗೆ ಕಾವಲಿಲ್ಲ. ಒಂದೋ ಮೇಲೆ ಗಾಜು ಬೇಕು, ಇಲ್ಲವೇ ಬಗ್ಗಿ ಕೂರಲು ಸಾಕಾಗುವಷ್ಟು ಅಗಲದ ಕಾವಲಿನ ಜಾಗ ಮೇಜಿನ ಕೆಳಗೆ ಇರಬೇಕು. ನ್ಯಾಯಾಧೀಶರ ಪೀಠದಂತೆ ಎತ್ತರದ ವೇದಿಕೆಯ ಮೇಲೆ ಕೂರುವವರ ವಿಷಯದಲ್ಲಿ ದಾರ ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಆದ್ದರಿಂದ ಅಲ್ಲಿ ಮುಂಭಾಗದ ಫಲಕ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದರೆ ವೇದಿಕೆಯ ಬದಿಗಳನ್ನೂ ಕುಳಿತವರ ಕಾಲ ಬಳಿಯನ್ನೂ ಮರೆಯಬಾರದು.

ಎರಡನೆಯದು, ಯಾವ ಕೋವಿಯ ವಿರುದ್ಧ ಎಂಬ ನಿರ್ಧಾರ. ನಮ್ಮ ಕಾಫಿ ಸೀಮೆಯಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ತೋಟೆಕೋವಿಗಳು, ಅಂದರೆ ತೋಟಾ ತುಂಬಿ ಹೊಡೆಯುವ ಕೋವಿಗಳು ಇವೆ. ಚುನಾವಣೆ ಬಂದಾಗ ಅವನ್ನು ಪೊಲೀಸ್ ಠಾಣೆಗೆ ಒಪ್ಪಿಸುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆದ್ದರಿಂದ ಪಿಸ್ತೂಲು ಮತ್ತು 12 ಬೋರ್ ಕೋವಿ ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಲ್ಲಿಗೆ ಸರಿ. ರೈಫಲ್ ಬೇರೆಯೇ ವರ್ಗ. 9 ಮಿ.ಮೀ. ಪಿಸ್ತೂಲಿನ 8 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 360 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 520 ಜೌಲ್. ಎಕೆ 47ರ ಗುಂಡಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, ಆದರೆ ವೇಗ ಸುಮಾರು 715 ಮೀಟರ್, ಹಾಗಾಗಿ ಶಕ್ತಿ ನಾಲ್ಕು ಪಟ್ಟು. ಪಿಸ್ತೂಲಿಗೆಂದು ಮಾಡಿದ ಫಲಕ ರೈಫಲ್ ಗುಂಡಿಗೆ ನಿಲ್ಲುವುದಿಲ್ಲ ಎಂಬುದನ್ನು ಕಚೇರಿಯವರಿಗೆ ಮೊದಲೇ ತಿಳಿಸಿ. ಯಾವ ಮಟ್ಟ ಬೇಕೆಂದು ತೀರ್ಮಾನಿಸುವುದು ಬಡಗಿಯ ಕೆಲಸವೂ ಅಲ್ಲ, ಮಾರಾಟಗಾರನ ಕೆಲಸವೂ ಅಲ್ಲ. ಜಿಲ್ಲಾ ಪೊಲೀಸರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ.

ಫಲಕ ಯಾವ ಗುಂಡನ್ನು ತಡೆಯುತ್ತದೆಂದು ಸೂಚಿಸಲು ಮಾನದಂಡಗಳು ಕೊಡುವ ಮಟ್ಟಗಳ ಹೆಸರುಗಳಲ್ಲಿ ಅಡಗಿರುವ ಒಂದು ಅಪಾಯದ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ತಿಳಿದವರೂ ಇಲ್ಲಿ ಎಡವುತ್ತಾರೆ. ಅಮೆರಿಕದ ಎನ್‌ಐಜೆ 0108.01 ಎಂಬ 1985ರ ಮಾನದಂಡದಲ್ಲಿ 3 ಎಂಬ ಮಟ್ಟ 7.62 ಮಿ.ಮೀ. ರೈಫಲ್ ಗುಂಡಿಗೆ ಸಂಬಂಧಿಸಿದ್ದು. ಅದರ ಕೆಳಗಿನ 3-ಎ ಮಟ್ಟ .44 ಮ್ಯಾಗ್ನಮ್‌ನಂಥ ಬಲವಾದ ಕೈಬಂದೂಕಿಗೆ. ಆದರೆ ಅಮೆರಿಕದ್ದೇ ಇನ್ನೊಂದು ಮಾನದಂಡವಾದ ಯುಎಲ್ 752ರಲ್ಲಿ 3ನೆಯ ಮಟ್ಟ ಎಂದರೆ ಆ .44 ಮ್ಯಾಗ್ನಮ್ ಕೈಬಂದೂಕೇ ಆಗಿದ್ದು, 7.62 ಮಿ.ಮೀ. ರೈಫಲಿನ ಐದು ಗುಂಡುಗಳಿಗೆ ನಿಲ್ಲಬೇಕಾದರೆ 8ನೆಯ ಮಟ್ಟ ಬೇಕು. ಬರೀ 'ಲೆವೆಲ್ 3' ಎಂದು ಬರೆದ ದರಪಟ್ಟಿಯನ್ನು ಒಪ್ಪಿದರೆ ರೈಫಲ್ ತಡೆಯುವುದನ್ನು ಕೇಳಿದವರಿಗೆ ಕೈಬಂದೂಕು ತಡೆಯುವುದು ಬಂದು ಕೂರಬಹುದು. ಗಾಜಿಗೆ ಯುರೋಪಿನ ಇಎನ್ 1063 ಮಾನದಂಡವೂ ಬಳಕೆಯಲ್ಲಿದೆ. ಅದರಲ್ಲಿ 12 ಬೋರ್ ಕೋವಿಯ ಇಡಿಗುಂಡಿಗೆಂದೇ (ಚಿಲ್ಲುಗಳ ಬದಲು ಹಾರುವ ಒಂದೇ ದೊಡ್ಡ ಗುಂಡು) ಎಸ್‌ಜಿ1, ಎಸ್‌ಜಿ2 ಎಂಬ ಪ್ರತ್ಯೇಕ ವರ್ಗಗಳಿರುವುದರಿಂದ ನಮ್ಮ ಜಿಲ್ಲೆಗಳಿಗೆ ಅದು ಉಪಯುಕ್ತ. ಕೆಲವರು ಐಎಸ್ 17051:2018ರ ಪ್ರಮಾಣಪತ್ರ ತೋರಿಸುತ್ತಾರೆ. ಅದು ಮೈಮೇಲೆ ಧರಿಸುವ ಕವಚಗಳ ಭಾರತೀಯ ಮಾನದಂಡ. ಕೌಂಟರಿನ ಫಲಕಕ್ಕೆ ಅದನ್ನೇ ಸಾಕ್ಷಿಯಾಗಿ ಒಪ್ಪಬೇಡಿ. ಮಾನದಂಡದ ಹೆಸರು, ಮಟ್ಟ, ಗುಂಡಿನ ಬಗೆ, ವೇಗ, ಎಷ್ಟು ಗುಂಡು ಎಂಬ ಐದೂ ಆದೇಶಪತ್ರದಲ್ಲಿ ಇರಲಿ.

ಇನ್ನು ಸಾಮಗ್ರಿ. ಗಟ್ಟಿ ಮಾಡಿದ ರಕ್ಷಾ ಉಕ್ಕು ಅಗ್ಗ ಮತ್ತು ತೆಳು, ಆದರೆ ಭಾರ; ಉಕ್ಕಿನ ತೂಕ 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕಿಲೋ. 2.4 ಮೀಟರ್ ಉದ್ದ, 1.05 ಮೀಟರ್ ಎತ್ತರದ ಕೌಂಟರಿನ ಮುಂಭಾಗಕ್ಕೆ 6 ಮಿ.ಮೀ. ಫಲಕ ಹಾಕಿದರೆ ಅದೊಂದೇ ಸುಮಾರು 119 ಕಿಲೋ ಆಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಂಎಸ್ (ಮೆದು ಉಕ್ಕಿನ) ಪ್ಲೇಟನ್ನು ಅದೇ ದಪ್ಪವೆಂಬ ಕಾರಣಕ್ಕೆ ಬದಲಿಯಾಗಿ ಹಾಕುವುದು ಜೀವದ ಜೊತೆ ಆಡುವ ಆಟ. ಗಟ್ಟಿ ಉಕ್ಕಿಗೆ ಸ್ಥಳದಲ್ಲಿ ವೆಲ್ಡಿಂಗ್ ಮಾಡಿದರೂ ಕಾವು ತಾಗಿದ ಭಾಗ ಮೆದುವಾಗುತ್ತದೆ. ಆದ್ದರಿಂದ ಬೋಲ್ಟಿನ ತೂತುಗಳೆಲ್ಲ ಕಾರ್ಖಾನೆಯಲ್ಲೇ ಆಗಿ ಬರಲಿ. ಉಕ್ಕಿಗೆ ಬಡಿದ ಗುಂಡು ಒಡೆದು ಚೂರುಗಳು ಬದಿಗೆ ಚಿಮ್ಮುವುದರಿಂದ, ಎದುರಿಗೆ ನಿಂತ ಸಾರ್ವಜನಿಕರ ದೃಷ್ಟಿಯಿಂದ, ಹೊರಮೈಗೆ ಮರದ ಹೊದಿಕೆ ಇರಲೇಬೇಕು. ಗಾಜಿನ ನಾರು ಮತ್ತು ರಾಳವನ್ನು ಒತ್ತಿ ಮಾಡಿದ ಫಲಕಗಳನ್ನು ಬಡಗಿಯೇ ಕೊಯ್ದು ಕೂರಿಸಬಹುದು. ಅವು ಗುಂಡನ್ನು ಪದರಗಳ ನಡುವೆ ಹಿಡಿದಿಟ್ಟುಕೊಳ್ಳುವುದರಿಂದ ಚೂರು ಚಿಮ್ಮುವುದು ಕಡಿಮೆ. ನನಗೆ ಕೌಂಟರ್ ಕೆಲಸಕ್ಕೆ ಇದೇ ಹೆಚ್ಚು ಒಪ್ಪಿಗೆ. ಗುಂಡು ತಡೆಯುವ ಅಂಗಿಗಳಲ್ಲಿ ಬಳಸುವ ಅರಾಮಿಡ್ ನಾರಿನ ಫಲಕ ಹಗುರ; ಪಾಲಿಥಿಲೀನ್ ನಾರಿನದು ಇನ್ನೂ ಹಗುರ, ನೀರಿನಲ್ಲಿ ತೇಲುವಷ್ಟು. ಆದರೆ ಎರಡೂ ದುಬಾರಿ, ಮತ್ತು ಪಾಲಿಥಿಲೀನ್ ಬಿಸಿಗೆ ಸೋಲುತ್ತದೆ.

ಈ ಹಗುರ ಫಲಕಗಳ ವಿಷಯದಲ್ಲಿ ಮಲೆನಾಡಿನ ಮಳೆಯನ್ನು ಮರೆಯುವಂತಿಲ್ಲ. ಹಾಸನ ಪೇಟೆಯಲ್ಲಿ ಸುರಕ್ಷಿತವಾಗಿರುವ ಕೌಂಟರ್ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಗಾಳಿಯಲ್ಲಿ ನೆನೆಯುತ್ತದೆ. ಅರಾಮಿಡ್ ನಾರಿಗೆ ತೇವವೂ ಬಿಸಿಲೂ ಶತ್ರುಗಳು. ಮಲೆನಾಡಿನ ಒಂದು ಕಚೇರಿಯಲ್ಲಿ ನಾವೇ ಕೂರಿಸಿದ ಕೌಂಟರನ್ನು ಮೂರು ಮಳೆಗಾಲ ಕಳೆದ ಮೇಲೆ ದುರಸ್ತಿಗೆಂದು ಬಿಚ್ಚಿದಾಗ ಕೆಳ ಅಂಚಿನ ಪ್ಲೈವುಡ್ ಬೂಷ್ಟು ಹಿಡಿದು ಬೆರಳು ಒತ್ತಿದರೆ ಪುಡಿಯಾಗುತ್ತಿತ್ತು. ಫಲಕದ ಮೇಲಿನ ಪ್ಲಾಸ್ಟಿಕ್ ಹೊದಿಕೆ ಒಂದು ಮೂಲೆಯಲ್ಲಿ ಹರಿದು ಒಳಗಿನ ಹಳದಿ ನಾರು ಒದ್ದೆಯಾಗಿತ್ತು. ದಿನವೂ ನೆಲ ಒರೆಸುವ ಫಿನಾಯಿಲ್ ನೀರು ಅಂಚಿನಿಂದ ಏರಿತ್ತು. ಅಂದಿನಿಂದ ಕೌಂಟರಿನ ಬುಡಕ್ಕೆ 100 ಮಿ.ಮೀ. ಎತ್ತರದ ಗ್ರಾನೈಟ್ ಪಟ್ಟಿ ಹಾಕಿ, ಅದರ ಹಿಂದೆ ಬಣ್ಣ ಬಳಿದ ರಕ್ಷಾ ಉಕ್ಕಿನ ಪಟ್ಟಿಯನ್ನು ನಿಲ್ಲಿಸಿ, ಅದರ ಮೇಲಂಚನ್ನು ಹಿಂಬದಿಯಿಂದ ಮುಖ್ಯ ಫಲಕಕ್ಕೆ ಹೊದೆಯುವಂತೆ ಮಾಡುತ್ತೇವೆ. ಫಲಕ ಕೊಯ್ದ ಪ್ರತಿ ಅಂಚಿಗೂ ರಾಳ ಬಳಿಯದೆ ಮುಚ್ಚುವುದಿಲ್ಲ.

ಗುಂಡು ನುಗ್ಗುವುದು ಹೆಚ್ಚಾಗಿ ಸಂದಿಯಲ್ಲಿ. ಎರಡು ಫಲಕಗಳು ಅಂಚಿಗೆ ಅಂಚು ತಾಗಿ ನಿಂತರೆ ಸಾಲದು. ಸಂದಿಯ ಹಿಂದೆ ಅದೇ ಸಾಮಗ್ರಿಯ, ಎರಡೂ ಕಡೆ 50 ಮಿ.ಮೀ. ಹರಡುವ ಪಟ್ಟಿ ಇರಬೇಕು. ಮೂಲೆಗಳಿಗೂ ಇದೇ ನಿಯಮ. ಕೆಲಸ ಮುಗಿದ ಮೇಲಿನ ಅನಾಹುತ ಇನ್ನೂ ದೊಡ್ಡದು. ಒಂದು ಕೌಂಟರನ್ನು ಒಪ್ಪಿಸಿದ ಮರುವಾರ ಹೋಗಿ ನೋಡಿದರೆ, ಕಂಪ್ಯೂಟರಿನ ವೈರ್ ಎಳೆಯಲು ಬಂದವರು ಸರಿಯಾಗಿ ನಡುಭಾಗದಲ್ಲಿ, ಕುಳಿತವರ ಹೊಟ್ಟೆಯ ನೇರಕ್ಕೆ, ಐದು ಸೆಂಟಿಮೀಟರ್ ಅಗಲದ ತೂತು ಕೊರೆದು ಕಪ್ಪು ಮುಚ್ಚಳ ಒತ್ತಿದ್ದರು. ಅವರಿಗೆ ಒಳಗೇನಿದೆ ಎಂದು ಯಾರೂ ಹೇಳಿರಲಿಲ್ಲ. ವೈರಿನ ದಾರಿಯನ್ನು ಮೊದಲೇ ಮೇಜಿನ ಹಿಂಬದಿಯಿಂದ ಕೊಡಿ, ಮತ್ತು ಒಳಮೈಯಲ್ಲಿ 'ಇಲ್ಲಿ ಡ್ರಿಲ್ ಮಾಡಬಾರದು' ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆಸಿ.

ಗಾಜು ಬೇಕಾದಲ್ಲಿ ಅದರ ಎರಡು ಮುಖಗಳು ಬೇರೆ ಬೇರೆ ಎಂಬುದನ್ನು ಕೂರಿಸುವವರಿಗೆ ಹೇಳಿ. ಗಾಜು ಹೊರಗೆ, ಪಾಲಿಕಾರ್ಬನೇಟ್ ಪದರ ಒಳಗೆ ಇರಬೇಕು. ಒಳಪದರವೇ ಚೂರುಗಳನ್ನು ತಡೆದು ಕುಳಿತವರ ಕಣ್ಣನ್ನು ಉಳಿಸುತ್ತದೆ. ಆ ಒಳಮೈಯನ್ನು ಅಮೋನಿಯಾ ಇರುವ ಗಾಜು ಒರೆಸುವ ದ್ರಾವಣದಿಂದ ಒರೆಸಬಾರದು. ಮಾತು ಕೇಳಲೆಂದು ನೇರ ತೂತು ಕೊರೆಯುವ ಬದಲು ಅದೇ ಗಾಜಿನ ಎರಡು ಹಲಗೆಗಳನ್ನು, ನಡುವೆ ಸಂದಿ ಬಿಟ್ಟು, ಒಂದರ ಹಿಂದೊಂದು ಹೊದೆಯುವಂತೆ ನಿಲ್ಲಿಸಬೇಕು.

ತೂಕದ ಲೆಕ್ಕ ಎಂಜಿನಿಯರಿಗೆ ಬಿಡಿ, ಆದರೆ ಲೆಕ್ಕ ಹಾಕದೆ ಮೊದಲ ಮಹಡಿಗೆ ಏರಿಸಬೇಡಿ. ಕಟ್ಟಡಗಳ ಮೇಲಿನ ಭಾರದ ಭಾರತೀಯ ಮಾನದಂಡವಾದ ಐಎಸ್ 875ರ ಎರಡನೆಯ ಭಾಗದಂತೆ, ಕಡತಗಳನ್ನು ಬೇರೆ ಕೋಣೆಯಲ್ಲಿಡುವ ಕಚೇರಿಯ ನೆಲವನ್ನು ಚದರ ಮೀಟರಿಗೆ 2.5 ಕಿಲೋನ್ಯೂಟನ್, ಅಂದರೆ ಸುಮಾರು 255 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಉಕ್ಕು, ಮರ, ಚದರ ಮೀಟರಿಗೆ 75 ಕಿಲೋ ತೂಗುವ 30 ಮಿ.ಮೀ. ಗಾಜು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಾಗ ಆ ಮಿತಿ ಬೇಗ ಮುಟ್ಟುತ್ತದೆ. ಮರದ ಅಟ್ಟದ ಹಳೆಯ ಕಟ್ಟಡಗಳಲ್ಲಂತೂ ಇದರ ಯೋಚನೆಯನ್ನೇ ಬಿಟ್ಟು ಆ ವಿಭಾಗವನ್ನು ಕೆಳಮಹಡಿಗೆ ತರುವುದು ಮೇಲು.

ಕಾವಲು ಹೆಚ್ಚಿದಷ್ಟೂ ದಾರಿ ಕಿರಿದಾಗುತ್ತದೆ, ಅದಕ್ಕೆ ಎಡೆ ಕೊಡಬಾರದು. ಕೌಂಟರಿನ ಹಿಂದಿನವರು ಬಗ್ಗಿಕೊಂಡೇ ಹಿಂಬಾಗಿಲಿಗೆ ತಲುಪುವಂತಿರಬೇಕು. ಬೆಂಕಿ ಬಿದ್ದರೂ ಅದೇ ದಾರಿ. ಗಾಲಿಕುರ್ಚಿಯಲ್ಲಿ ಬರುವವರಿಗೆ ಕೌಂಟರಿನ ಒಂದು ಭಾಗ 750ರಿಂದ 800 ಮಿ.ಮೀ. ಎತ್ತರಕ್ಕೆ ಇಳಿದಿರಬೇಕು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯವೂ ಅದೇ. ಆ ತಗ್ಗಿದ ಭಾಗದಲ್ಲಿ ಸಿಬ್ಬಂದಿಗೆ ಗಾಜಿನ ರಕ್ಷಣೆ ಕೊಡಿ. ರಕ್ಷಣೆಯ ನೆಪದಲ್ಲಿ ತಗ್ಗನ್ನೇ ಕೈಬಿಡುವುದು ಅನ್ಯಾಯ. ಸಾಧ್ಯವಾದರೆ ಸಾರ್ವಜನಿಕರು ಕೂರುವ ಬದಿಯಲ್ಲೂ ಒಂದು ಭಾರವಾದ, ನೆಲಕ್ಕೆ ಬಿಗಿದ ಕಾವಲಿನ ಬೆಂಚು ಇರಲಿ, ಏಕೆಂದರೆ ಪಹಣಿಗೆಂದು ಬಂದು ಕಾಯುತ್ತಿರುವ ರೈತನಿಗೂ ಅಡಗಲು ಒಂದು ಜಾಗ ಬೇಕು.

ಸರ್ಕಾರಿ ಖರೀದಿ ಕರ್ನಾಟಕದ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಂತೆ ಸಾಮಾನ್ಯವಾಗಿ ಟೆಂಡರ್ ಮೂಲಕವೇ ನಡೆಯಬೇಕು. ಆದರೆ ಯಾರು ಎಲ್ಲಿ ಕೂರುತ್ತಾರೆಂಬ ನಕ್ಷೆಯನ್ನು ಬಹಿರಂಗ ಕಾಗದಕ್ಕೆ ಸೇರಿಸದೆ ಇರುವುದು ಸಾಧ್ಯವೇ ಎಂದು ಇಲಾಖೆಯನ್ನು ಕೇಳಿಕೊಳ್ಳಿ. ಪರೀಕ್ಷಾ ವರದಿಯಲ್ಲಿ ನಿಮಗೆ ಬರುವ ಫಲಕದ ದಪ್ಪವೇ ನಮೂದಾಗಿರಬೇಕು, ತಯಾರಿಕೆಯ ತಂಡದ (ಬ್ಯಾಚ್) ಸಂಖ್ಯೆ ಹೊಂದಬೇಕು. ಚಂಡೀಗಢದ ಡಿಆರ್‌ಡಿಒ ಪ್ರಯೋಗಾಲಯವಾದ ಟಿಬಿಆರ್‌ಎಲ್‌ನಂಥ ಕಡೆ ಆದ ಪರೀಕ್ಷೆಯ ವರದಿ ಇದ್ದರೆ ಮೂಲಪ್ರತಿ ನೋಡಿ. ಕೌಂಟರ್ ಬಂದ ದಿನ ಸಿಬ್ಬಂದಿಯನ್ನೆಲ್ಲ ಒಬ್ಬೊಬ್ಬರನ್ನಾಗಿ ಅದರ ಹಿಂದೆ ಬಗ್ಗಿಸಿ, ಕಾಲು ಹೊರಗೆ ಉಳಿಯುತ್ತದೆಯೇ ಎಂದು ಪರಿಶೀಲಿಸಿ. ಫಲಕ ಎಲ್ಲಿ ಮುಗಿಯುತ್ತದೆಂಬುದು ಅವರಿಗೆ ಕತ್ತಲಲ್ಲೂ ಗೊತ್ತಿರಬೇಕು. ಒಮ್ಮೆ ಗುಂಡು ತಗುಲಿದ ಫಲಕವನ್ನು ಬದಲಿಸಲೇಬೇಕು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ದಸರೆಯ ಆಯುಧಪೂಜೆಗೆ ಕಚೇರಿ ತೊಳೆಯುವ ಹೊತ್ತಿಗೆ, ಕೆಳಗಿನ ಒಳಹಲಗೆ ಬಿಚ್ಚಿ ಟಾರ್ಚ್ ಹಾಕಿ ಅಂಚುಗಳನ್ನು ನೋಡಿ, ನೋಡಿದ ದಿನಾಂಕವನ್ನು ಮೇಲಿನ ಡ್ರಾಯರಿನ ಒಳಬದಿಗೆ ಬರೆದಿಡಿ.