ಆರ್‌ಪಿಜಿ ಆಡಲು ಮೊಬೈಲೋ ಪಿಸಿಯೋ? ಮೊದಲು ಗಡಿಯಾರ ನೋಡಿ

ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿ, ಐದು ನಿಮಿಷ ಆಡಿ ಎದ್ದುಹೋಗುವ ಆಟವಲ್ಲ. ಒಂದು ಪಾತ್ರ ಕಟ್ಟುತ್ತೀರಿ, ಅದನ್ನು ಬೆಳೆಸುತ್ತೀರಿ, ವಾರಗಟ್ಟಲೆ ಅದರ ಜೊತೆ ಊರೂರು ಅಲೆಯುತ್ತೀರಿ. 2015ರಲ್ಲಿ ಬಂದ ‘ದಿ ವಿಚರ್ 3’ ಅನ್ನು ನಿಧಾನವಾಗಿ ಆಡುವವರಿಗೆ ನೂರು ಗಂಟೆಯೂ ಸಾಲದು. ಇಷ್ಟು ಹೊತ್ತು ಕೊಡುವ ಮೇಲೆ, ಯಾವುದರಲ್ಲಿ ಆಡಬೇಕು ಅಂತ ಸ್ವಲ್ಪ ಯೋಚಿಸುವುದು ಒಳ್ಳೆಯದು ಅಲ್ವಾ?

ಅಂಗಡಿಯಲ್ಲಿ ಕೇಳಿದರೆ ಮಾತು ಗ್ರಾಫಿಕ್ಸ್ ಕಾರ್ಡ್‌ನಿಂದ, ಅಂದರೆ ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗದಿಂದ, ಶುರುವಾಗುತ್ತದೆ. ನಾನು ನಿಮ್ಮ ಬಿಡುವಿನಿಂದ ಶುರು ಮಾಡುತ್ತೇನೆ.

ಹೆಜ್ಜೆ 1: ಒಂದು ವಾರದ ಬಿಡುವು ಬರೆದಿಡಿ

ಒಂದು ಚೀಟಿ ಸಾಕು. ಯಾವಾಗ, ಎಲ್ಲಿ, ಎಷ್ಟು ನಿಮಿಷ ಬಿಡುವು ಸಿಕ್ಕಿತು ಅಂತ ಏಳು ದಿನ ಬರೆಯಿರಿ. ಬಸ್ಸಿನಲ್ಲಿ ಇಪ್ಪತ್ತು ನಿಮಿಷ, ಊಟದ ಹೊತ್ತಿನಲ್ಲಿ ಹತ್ತು ನಿಮಿಷ, ಹೀಗೆ ಚೂರುಚೂರಾಗಿ ಸಿಗುತ್ತಿದ್ದರೆ ನಿಮಗೆ ಮೊಬೈಲೇ ಸರಿ. ರಾತ್ರಿ ಊಟ ಮುಗಿದ ಮೇಲೆ ಎರಡು ಗಂಟೆ ಒಂದೇ ಕಡೆ ಕೂರುವವರಿಗೆ ಪಿಸಿ ಸರಿ.

ಇದಕ್ಕೆ ‘ಸ್ಟಾರ್ಡ್ಯೂ ವ್ಯಾಲಿ’ ಒಳ್ಳೆಯ ಉದಾಹರಣೆ. ತೋಟ ಮಾಡುತ್ತಾ ಊರಿನವರ ಸ್ನೇಹ ಗಳಿಸುವ ಈ ಆಟ ಪಿಸಿಗೆ 2016ರಲ್ಲಿ ಬಂತು, ಆಂಡ್ರಾಯ್ಡ್‌ಗೆ 2019ರಲ್ಲಿ. ಆಟದೊಳಗಿನ ಒಂದು ದಿನಕ್ಕೆ ಸುಮಾರು 14 ನಿಮಿಷ. ಪಿಸಿಯಲ್ಲಿ ನಿಮ್ಮ ಪಾತ್ರ ರಾತ್ರಿ ಮಲಗಿದರೆ ಮಾತ್ರ ಆಟ ಸೇವ್ ಆಗುತ್ತದೆ. ಮೊಬೈಲಿನಲ್ಲಿ ದಿನದ ನಡುವೆಯೇ ನಿಲ್ಲಿಸಿ ಹೋಗಬಹುದು. ಸ್ಟಾಪ್ ಬಂತು ಅಂತ ಥಟ್ಟನೆ ಇಳಿಯುವವರಿಗೆ ಇದೇ ದೊಡ್ಡ ಅನುಕೂಲ.

ಸರದಿಯ ಮೇಲೆ ಹೊಡೆದಾಡುವ ಆಟಗಳೂ ಫೋನಿಗೆ ಚೆನ್ನಾಗಿ ಹೊಂದುತ್ತವೆ. ನೀವು ಟಿಕೆಟ್ ತೆಗೆದುಕೊಳ್ಳುವವರೆಗೆ ಶತ್ರು ಕಾಯುತ್ತಾನೆ. 2023ರ ‘ಹೊಂಕಾಯ್: ಸ್ಟಾರ್ ರೇಲ್’ ಅಂಥದ್ದು. ಆದರೆ ಅದಕ್ಕೆ ಇಂಟರ್ನೆಟ್ ಬೇಕೇ ಬೇಕು. ದಾರಿಯಲ್ಲಿ ಸಿಗ್ನಲ್ ಹೋಗಿಬರುತ್ತಿದ್ದರೆ ಆಫ್‌ಲೈನ್ ಆಟವನ್ನೇ ಹುಡುಕಿ.

ಹೆಜ್ಜೆ 2: ಆಟ ಮೊದಲು, ಯಂತ್ರ ಆಮೇಲೆ

ಯಂತ್ರ ಕೊಂಡ ಮೇಲೆ ಆಟ ಹುಡುಕಬೇಡಿ. ಆಡಲೇಬೇಕು ಅನ್ನಿಸುವ ಮೂರು ಆಟಗಳ ಹೆಸರು ಬರೆಯಿರಿ. 1998ರ ಮೊದಲ ‘ಬಾಲ್ಡರ್ಸ್ ಗೇಟ್’ನ ಹೊಸ ಆವೃತ್ತಿ ಫೋನಿನಲ್ಲೂ ಸಿಗುತ್ತದೆ. ಆದರೆ 2023ರ ‘ಬಾಲ್ಡರ್ಸ್ ಗೇಟ್ 3’ ಬೇಕು ಅಂದರೆ ಪಿಸಿ ಅಥವಾ ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಕಡೆಗೇ ಹೋಗಬೇಕು. ‘ಗೆನ್ಶಿನ್ ಇಂಪ್ಯಾಕ್ಟ್’ 2020ರ ಸೆಪ್ಟೆಂಬರ್‌ನಲ್ಲಿ ಬಂದ ದಿನದಿಂದಲೂ ಮೊಬೈಲ್, ಪಿಸಿ ಎರಡರಲ್ಲೂ ಇದೆ.

ಹಳೆಯ ಪಿಸಿ ಆಟಗಳನ್ನು ಫೋನಿನಲ್ಲಿ ಆಡುವವರು ಒಂದು ವಿಷಯ ತಿಳಿದಿರಬೇಕು. ಅವುಗಳಲ್ಲಿ ಓದುವುದು ಜಾಸ್ತಿ. ದೊಡ್ಡ ಮಾನಿಟರ್‌ಗೆ ಬರೆದ ಮಾತುಕತೆಗಳು ಆರು ಇಂಚಿನ ಪರದೆಯಲ್ಲಿ ಕಣ್ಣಿಗೆ ಕಷ್ಟ. ಟ್ಯಾಬ್ ಇದ್ದರೆ ಅದರಲ್ಲೇ ಆಡಿ.

ಹೆಜ್ಜೆ 3: ಮನೆಯಲ್ಲಿ ಇರುವುದನ್ನು ಪರೀಕ್ಷಿಸಿ

ವಿಂಡೋಸ್ ಪಿಸಿಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ‘ಪರ್ಫಾರ್ಮೆನ್ಸ್’ ವಿಭಾಗದಲ್ಲಿ ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಯಾವುದು ಅಂತ ಕಾಣುತ್ತದೆ. ಅದನ್ನು ಆಟದ ಪುಟದಲ್ಲಿ ಕೊಟ್ಟಿರುವ ಪಟ್ಟಿಯ ಜೊತೆ ಹೋಲಿಸಿ. ‘ಬಾಲ್ಡರ್ಸ್ ಗೇಟ್ 3’ಕ್ಕೆ ಕನಿಷ್ಠ 8 ಜಿಬಿ ರ‍್ಯಾಮ್, 4 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಯಲ್ಲಿ (ವೇಗದ ಡಿಸ್ಕ್) 150 ಜಿಬಿ ಜಾಗ ಬೇಕು. ಕಾಲೇಜಿಗೆ ಅಂತ ಕೊಂಡ ಸಾದಾ ಲ್ಯಾಪ್‌ಟಾಪ್ ಇದಕ್ಕೆ ಸಾಲದು. ಆದರೆ ಅದರಲ್ಲಿ ‘ಸ್ಟಾರ್ಡ್ಯೂ ವ್ಯಾಲಿ’ ಆರಾಮಾಗಿ ಓಡುತ್ತದೆ.

ಫೋನಿನ ಪರೀಕ್ಷೆ ಬೇರೆ. ಅದರ ತೊಂದರೆ ಬಿಸಿ. ಹೆಚ್ಚಿನ ಫೋನುಗಳಲ್ಲಿ ಫ್ಯಾನ್ ಇರುವುದಿಲ್ಲ. ಬಿಸಿ ಏರಿದಾಗ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುತ್ತದೆ. ಆದ್ದರಿಂದ ಮೊದಲ ಐದು ನಿಮಿಷ ನೋಡಿ ನಿರ್ಧರಿಸಬೇಡಿ, ಅರ್ಧ ಗಂಟೆ ಆಡಿ ನೋಡಿ. ಚಾರ್ಜಿಗೆ ಹಾಕಿಕೊಂಡು ಆಡಬೇಡಿ.

ಡೆಸ್ಕ್‌ಟಾಪ್ ಪಿಸಿಯಲ್ಲಿ ನನಗೆ ಇಷ್ಟವಾಗುವ ಗುಣ ಒಂದಿದೆ. ಸ್ವಲ್ಪ ಹಿಂದೆ ಬಿದ್ದರೆ ಇಡೀ ಯಂತ್ರ ಬದಲಿಸಬೇಕಿಲ್ಲ. ಈ ವರ್ಷ ರ‍್ಯಾಮ್, ಮುಂದಿನ ವರ್ಷ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದು. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿಭಾಗಗಳನ್ನು ನಾಲ್ಕು ಅಂಗಡಿ ಸುತ್ತಿ, ಬೆಲೆ ಕೇಳಿ ತರಬಹುದು. ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ, ಅಂಗಡಿಯಲ್ಲೇ ಒಂದು ಆಟ ಓಡಿಸಿ ತೋರಿಸಿ ಅನ್ನಿ. ಅದು ನಿಮ್ಮ ಹಕ್ಕು.

ಹೆಜ್ಜೆ 4: ‘ಫ್ರೀ’ ಅನ್ನುವ ಮಾತನ್ನು ಬಿಡಿಸಿ ನೋಡಿ

ಪೋಷಕರು ಇದನ್ನು ಎರಡು ಸಲ ಓದಬೇಕು. ಮೊಬೈಲಿನ ಎಷ್ಟೋ ಆರ್‌ಪಿಜಿಗಳು ಪುಕ್ಕಟೆ ಸಿಗುತ್ತವೆ. ಹಣ ಹೋಗುವುದು ಹೊಸ ಪಾತ್ರ ಪಡೆಯುವಾಗ. ಇದು ಲಾಟರಿ ಇದ್ದ ಹಾಗೆ, ಆಟಗಾರರು ‘ಗಾಚಾ’ ಅನ್ನುತ್ತಾರೆ. ‘ಗೆನ್ಶಿನ್’ನಲ್ಲಿ ಒಂದು ಸಲ ಎತ್ತಲು 160 ರತ್ನ, ಅಂದರೆ ಆಟದೊಳಗಿನ ನಾಣ್ಯ, ಬೇಕು. ಐದು ನಕ್ಷತ್ರದ ಪಾತ್ರ ಖಂಡಿತ ಸಿಗುವುದು 90ನೇ ಸಲಕ್ಕೆ. ಅಂದರೆ ಅದೃಷ್ಟ ಕೈಕೊಟ್ಟರೆ 14,400 ರತ್ನ ಬೇಕು. ಅಷ್ಟಾದರೂ ಬರುವುದು ನೀವು ಬಯಸಿದ ಪಾತ್ರವೇ ಅಂತ ಹೇಳಲಾಗದು. ರತ್ನಗಳನ್ನು ಆಡಿಯೇ ಗಳಿಸಬಹುದು, ನಿಜ. ಆದರೆ ಹದಿಮೂರು ವರ್ಷದ ಮಗುವಿಗೆ ಕಾಯುವ ತಾಳ್ಮೆ ಎಲ್ಲಿರುತ್ತದೆ? ಮಕ್ಕಳ ಕೈಗೆ ಕೊಡುವ ಫೋನಿನಲ್ಲಿ ಕಾರ್ಡ್ ವಿವರ ಉಳಿಸಬೇಡಿ. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್‌ನಲ್ಲಿ ಇಂದೇ ಬದಲಿಸಿ.

ಇದೇ ಆಟವನ್ನು ಪಿಸಿಯಲ್ಲಿ ಆಡಿದರೂ ಲಾಟರಿ ಹಾಗೇ ಇರುತ್ತದೆ. ಆದರೆ ಪಿಸಿಯಲ್ಲಿ ಒಮ್ಮೆ ದುಡ್ಡು ಕೊಟ್ಟು ಪೂರ್ತಿ ಆಡುವ ಆರ್‌ಪಿಜಿಗಳು ಬಹಳ ಇವೆ. ಪಿಸಿ ಆಟ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಜೂನ್ ಕೊನೆಯ ಹೊತ್ತಿಗೆ, ವರ್ಷದ ಕೊನೆಗೆ ದೊಡ್ಡ ಸೇಲ್ ಬರುತ್ತದೆ. ಹಳೆಯ ಒಳ್ಳೆಯ ಆಟಗಳಿಗೆ ಅಲ್ಲಿಯವರೆಗೆ ಕಾಯಿರಿ. ಕೊಂಡ ಆಟ ಹಿಡಿಸದಿದ್ದರೆ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು.

ಹೆಜ್ಜೆ 5: ಸೇವ್ ಎಲ್ಲಿ ಕೂತಿದೆ?

ಇದನ್ನು ನಾನು ಕಳೆದುಕೊಂಡ ಮೇಲೆ ಕಲಿತೆ. ಸುಮಾರು ನಲವತ್ತು ಗಂಟೆ ಆಡಿದ್ದ ಒಂದು ಆಟದ ಸೇವ್ ಫೋನಿನಲ್ಲಿ ಮಾತ್ರ ಇತ್ತು. ಒಂದು ದಿನ ಫೋನ್ ಕೆಟ್ಟಿತು, ಆಟವೂ ಹೋಯಿತು. ಆ ಪಾತ್ರದ ಹೆಸರು ಇವತ್ತಿಗೂ ನೆನಪಿದೆ. ಮತ್ತೆ ಮೊದಲಿನಿಂದ ಆಡಲು ಮನಸ್ಸು ಬರಲಿಲ್ಲ.

ಹಾಗಾಗಿ ಆಟ ಶುರು ಮಾಡಿದ ದಿನವೇ ಸೆಟ್ಟಿಂಗ್ಸ್ ತೆರೆದು, ಕ್ಲೌಡ್ ಸೇವ್, ಅಂದರೆ ಸೇವ್ ಅನ್ನು ಇಂಟರ್ನೆಟ್‌ನಲ್ಲೂ ಉಳಿಸುವ ವ್ಯವಸ್ಥೆ, ಇದೆಯೇ ನೋಡಿ. ‘ಗೆನ್ಶಿನ್’ನಲ್ಲಿ ಒಂದೇ ಅಕೌಂಟ್ ಸಾಕು. ಹಗಲು ಬಸ್ಸಿನಲ್ಲಿ ಆಡಿದ್ದನ್ನು ರಾತ್ರಿ ಪಿಸಿಯಲ್ಲಿ ಮುಂದುವರಿಸಬಹುದು. ‘ಸ್ಟಾರ್ಡ್ಯೂ ವ್ಯಾಲಿ’ಯಲ್ಲಿ ಹಾಗಿಲ್ಲ. ಫೋನಿನ ತೋಟ ತಾನಾಗಿ ಪಿಸಿಗೆ ಬರುವುದಿಲ್ಲ, ಫೈಲನ್ನು ನೀವೇ ಕಾಪಿ ಮಾಡಬೇಕು. ತಿಂಗಳಿಗೊಮ್ಮೆ ಆ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಡಿ. ಐದು ನಿಮಿಷದ ಕೆಲಸ.