ಎರೆ ನೆಲದಲ್ಲಿ ಕಬಡ್ಡಿ ಅಂಕಣ ಹದ ಮಾಡುವುದು ಹೇಗೆ?

ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆಯ ಊರುಗಳಲ್ಲಿ ಜಾತ್ರೆಗೆ ಕಬಡ್ಡಿ ಇಡುವವರು ಮೊದಲು ನೋಡಬೇಕಾದದ್ದು ನೆಲ. ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕು ಮೊಣಕಾಲು ತಿರುಗಿತೆಂದರೆ ಹುಡುಗನ ಆಟವೇ ನಿಂತುಹೋಗಬಹುದು. ಅದಕ್ಕೇ ಹತ್ತು ದಿನ ಮುಂಚೆಯೇ ಕೆಲಸ ಹಿಡಿಯಿರಿ.

ಅಂಕಣದ ಸುತ್ತಲಿನ ಎರಡೆರಡು ಮೀಟರ್ ಸೇರಿಸಿ 17 ಮೀಟರ್ ಉದ್ದ, 14 ಮೀಟರ್ ಅಗಲದ ಜಾಗ ಕೆರೆದು, ಬಿರುಕುಗಳಿಗೆ ಗರಸು (ಸಣ್ಣ ಕಲ್ಲು ಬೆರೆತ ಒರಟು ಮಣ್ಣು) ತುಂಬಿ ನೀರು ಬಿಡಿ. ನೆಲ ಕೂತ ಮೇಲೆ 10 ಸೆಂ.ಮೀ. ಗರಸು ಹಾಸಿ ರೋಲರ್ ಹೊಡೆಸಿ. 100 ಘನ ಅಡಿಯ ಟ್ರೇಲರ್ ಆದರೆ ಹತ್ತು-ಹನ್ನೊಂದು ಟ್ರಿಪ್ ಬೇಕು. ಇದನ್ನು ಉಳಿಸಲು ಹೋಗಬೇಡಿ; ಗರಸು ತೆಳುವಾದರೆ ಕೆಳಗಿನ ಬಿರುಕು ನಾಲ್ಕೇ ದಿನದಲ್ಲಿ ಮೇಲೆ ಕಾಣುತ್ತದೆ.

ಮೇಲಿನ 5 ಸೆಂ.ಮೀ. ಪದರಕ್ಕೆ ಮಸಾರಿ (ಕೆಂಪು) ಮಣ್ಣೇ ಒಳ್ಳೆಯದು. ಜರಡಿ ಹಿಡಿದ ಮಣ್ಣು ಮೂರು ಪಾಲು, ಉಸುಕು ಒಂದು ಪಾಲು. ಉಸುಕು ಹೆಚ್ಚಾದರೆ ಕಾಲು ಜಾರುತ್ತದೆ, ಕಡಿಮೆಯಾದರೆ ನೆಲ ಸಿಮೆಂಟಿನಂತೆ ಗಟ್ಟಿಯಾಗಿ ಮೊಣಕೈ ಸುಲಿಯುತ್ತದೆ. ಮಿಲ್ಲಿನಲ್ಲಿ ಸುಲಭಕ್ಕೆ ಸಿಗುತ್ತದೆಂದು ಭತ್ತದ ಹೊಟ್ಟು ಹಾಸುವುದುಂಟು, ಅದು ಬೇಡ: ಅದರ ಅಂಚು ಚೂಪು, ಚರ್ಮ ಗೀರುತ್ತದೆ. ಬೇಕೇ ಬೇಕೆಂದರೆ ಮರ ಕೊಯ್ಯುವಲ್ಲಿನ ಪುಡಿ ತಂದು, ಮೊಳೆ ಇಲ್ಲದಂತೆ ಸೋಸಿ ಬೆರೆಸಿ.

ಸಂಜೆ ನೀರು ಚಿಮುಕಿಸಿ, ಬೆಳಿಗ್ಗೆ ಮಣ್ಣು ರೋಲರಿಗೆ ಅಂಟದ ಹೊತ್ತಿಗೆ ಉರುಳಿಸಿ. ಮೂರು ದಿನ ಹೀಗೇ ಮಾಡಿ. ಹಿಮ್ಮಡಿ ಊರಿ ತಿರುಗಿಸಿದಾಗ ಅಚ್ಚು ಮಾತ್ರ ಬಿದ್ದರೆ ಹದ ಬಂದಂತೆ. ಹೆಂಟೆ ಎದ್ದರೆ ನೀರು ಸಾಲದು, ಹಿಮ್ಮಡಿ ಹೂತರೆ ನೀರು ಜಾಸ್ತಿ. ಮಳೆ ನೀರು ನಿಲ್ಲದಂತೆ ನಡು ಭಾಗ ಅಂಚಿಗಿಂತ 5 ಸೆಂ.ಮೀ. ಎತ್ತರವಿರಲಿ.

ಇನ್ನು ಅಳತೆ. ಪುರುಷರ ಅಂಕಣ 13 × 10 ಮೀಟರ್, ಮಹಿಳೆಯರದು 12 × 8. ನಾಲ್ಕು ಗೂಟ ಹೊಡೆದು ಹುರಿ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಟೇಪು ಹಿಡಿಯಿರಿ: ಪುರುಷರದು ಎರಡೂ ಕಡೆ 16.40 ಮೀಟರ್, ಮಹಿಳೆಯರದು 14.42 ಬರಬೇಕು. ಎರಡು ಅಳತೆ ಬೇರೆ ಬಂದರೆ ಅಂಕಣ ಸೊಟ್ಟ. ಗೂಟ ಸರಿಸಿ ಮತ್ತೆ ಅಳೆಯಿರಿ. ನಡುಗೆರೆಯಿಂದ ಬಾಲ್ಕ್ ಗೆರೆ (ರೈಡರ್, ಅಂದರೆ ಎದುರಾಳಿ ಕಡೆಗೆ ನುಗ್ಗುವವನು, ದಾಟಲೇಬೇಕಾದ ಗೆರೆ) ಪುರುಷರಿಗೆ 3.75 ಮೀಟರ್, ಮಹಿಳೆಯರಿಗೆ 3 ಮೀಟರ್. ಅದರಿಂದ ಒಂದು ಮೀಟರ್ ಹಿಂದೆ ಬೋನಸ್ ಗೆರೆ. ಹೆಚ್ಚು ತಪ್ಪಾಗುವುದು ಲಾಬಿಯಲ್ಲಿ, ಅಂದರೆ ಅಂಕಣದ ಉದ್ದಕ್ಕೂ ಬದಿಯಲ್ಲಿರುವ ಪಟ್ಟಿಯಲ್ಲಿ. ಎರಡೂ ಬದಿಯ ಒಂದೊಂದು ಮೀಟರ್ ಲಾಬಿ ಆ 10 ಮೀಟರಿನ ಒಳಗೇ ಸೇರಿದ್ದು. ಹೊರಗೆ ಸೇರಿಸಿ 12 ಮಾಡಿದರೆ ಹಿಡಿಯುವವರಿಗೆ ಅನ್ಯಾಯ, ರೈಡರ್‌ಗೆ ಪುಕ್ಕಟೆ ಜಾಗ. ಔಟಾದವರು ಕೂರುವ ಜಾಗ ಹಿಂದಿನ ಗೆರೆಯಿಂದ 2 ಮೀಟರ್ ಆಚೆ.

ಗೆರೆಗೆ ಸುಣ್ಣ ಬಳಸಲೇಬೇಡಿ. ಮುಖ ಅಡಿಯಾಗಿ ಬಿದ್ದವರ ಕಣ್ಣಿಗೆ ಸುಣ್ಣ ಹೋದರೆ ಸುಡುತ್ತದೆ. ರಂಗೋಲಿ ಪುಡಿ ಸಾಕು, 5 ಸೆಂ.ಮೀ. ಅಗಲ ಎಳೆಯಿರಿ. ರಾತ್ರಿ ಪಂದ್ಯವಾದರೆ ದೀಪದ ಕಂಬ ಹಿಂಬದಿಗೆ ನಿಲ್ಲಿಸಬೇಡಿ, ರೈಡರ್ ಕಣ್ಣಿಗೆ ನೇರ ಹೊಡೆಯುತ್ತದೆ. ಎರಡೂ ಪಕ್ಕದಲ್ಲಿ ಎತ್ತರಕ್ಕೆ ಕಟ್ಟಿ. ಒದ್ದೆ ಮಸಾರಿ ಒಂದು ಬುಟ್ಟಿ, ದಿಮ್ಮಿಸುವ ಕಟ್ಟಿಗೆ, ರಂಗೋಲಿ ಪುಡಿ ಪಕ್ಕದಲ್ಲೇ ಇರಲಿ: ಐದು ನಿಮಿಷದ ವಿರಾಮದಲ್ಲಿ ಬಾಲ್ಕ್ ಗೆರೆ ಹತ್ತಿರದ ಗುಂಡಿ ಮುಚ್ಚಿ, ನಡುಗೆರೆ ಮತ್ತೆ ಎಳೆಯಬೇಕಾಗುತ್ತದೆ.